ತಪ್ಪಾದಾಗ ಮುಖಂಡನು ಕೇಳಬೇಕಾದ ಮೊದಲ ಮಾತು

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಗೊಬ್ಬರದ ವಿಚಾರವನ್ನಾಗಲಿ ಬೀಜದ ವಿಚಾರವನ್ನಾಗಲಿ ಹೇಳುವುದಕ್ಕೆ ಇಂದು ನಾನು ನಿಂತಿಲ್ಲ. ನಿಮ್ಮ ಗುಂಪಿಗೆ ಹೊಸದಾಗಿ ಮುಖಂಡರನ್ನು ಆರಿಸಿಕೊಂಡಿದ್ದೀರಿ. ನಿಮ್ಮಲ್ಲಿ ಅನೇಕರಿಗಿಂತ ನಾನು ವಯಸ್ಸಿನಲ್ಲಿ ಚಿಕ್ಕವನು. ಆದರೂ ಹಳ್ಳಿಗಳನ್ನು ಸುತ್ತುವಾಗ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಬೇಕೆನಿಸಿದೆ.

ಒಂದು ಊರಿನಲ್ಲಿ ರೈತರು ಹಣ ಕೂಡಿಸಿ ಔಷಧಿ ಸಿಂಪಡಿಸುವ ಪಂಪೊಂದನ್ನು ಕೊಂಡಿದ್ದರು. ಗುಂಪಿನ ಹುಡುಗನೊಬ್ಬ ಅದನ್ನು ಒಯ್ದು ತನ್ನ ರಾಗಿ ಹೊಲದ ಕಳೆಗೆ 2,4-ಡಿ ಸಿಂಪಡಿಸಿದ. ಈ ಔಷಧಿ ಅಗಲ ಎಲೆಯ ಕಳೆಗಳನ್ನು ಕೊಲ್ಲುತ್ತದೆ. ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಹಾಕಿದರೆ ರಾಗಿಗೆ ಕೇಡಿಲ್ಲ. ಆದರೆ ಟೊಮೆಟೊ, ಅವರೆ, ಹತ್ತಿ ಇವೂ ಅಗಲ ಎಲೆಯವೇ ಅಲ್ಲವೇ? ಕಳೆ ಯಾವುದು, ಬೆಳೆ ಯಾವುದು ಎಂಬ ವಿವೇಕ ಔಷಧಿಗಿಲ್ಲ. ಹುಡುಗ ಪಂಪಿಗೆ ಒಂದು ಸಲ ನೀರು ಹಾಕಿ ಕುಲುಕಿ ಚೆಲ್ಲಿ, ತಂದಿಟ್ಟುಬಿಟ್ಟ. ಮಾರನೆಯ ದಿನ ಮತ್ತೊಬ್ಬರು ಅದರಲ್ಲೇ ಟೊಮೆಟೊಗೆ ಹುಳುವಿನ ಔಷಧಿ ಹೊಡೆದರು. ಕೆಲವೇ ದಿನಗಳಲ್ಲಿ ಕಾಂಡಗಳು ತಿರುಚಿಕೊಂಡವು, ಚಿಗುರೆಲೆಗಳು ಸಣ್ಣಗಾಗಿ ಮುರುಟಿದವು.

ಮುಖಂಡರು ಸಭೆ ಕರೆದರು. ಒಳ್ಳೆಯವರೇ, ಆದರೆ ಕೋಪ ಮೂಗಿನ ತುದಿಯಲ್ಲಿ. "ಯಾವನವನು? ಅವನಿಂದಲೇ ಪೂರ್ತಿ ನಷ್ಟ ವಸೂಲು ಮಾಡುತ್ತೇನೆ" ಎಂದರು. ಒಬ್ಬರೂ ಉಸಿರೆತ್ತಲಿಲ್ಲ. ಎಲೆ ಮುರುಟು ರೋಗವಿರಬಹುದೆಂದು ಯಾರೋ ಹೇಳಿದರು. ಡಿಪ್ಲೊಮಾ ಓದಿದ ನಾನೂ, ಹೊಲಕ್ಕೆ ಹೋಗಿ ನೋಡದೆ, ತಲೆಯಾಡಿಸಿದೆ. ಹುಡುಗನಿಗೆ ಅನುಮಾನವಿತ್ತು, ಭಯದಿಂದ ಬಾಯಿ ಬಿಡಲಿಲ್ಲ. ಆ ವಾರದಲ್ಲೇ ಇನ್ನೊಬ್ಬರು ಅದೇ ಪಂಪನ್ನು ಒಯ್ದು ಅವರೆಗೆ ಹೊಡೆದರು. ರಬ್ಬರು ಕೊಳವೆಯಲ್ಲಿ ಉಳಿದಿದ್ದ ಅಂಶವೇ ಸಾಕಾಯಿತು. ಮೊದಲ ಹೊಲ ಕೆಟ್ಟದ್ದು ಹುಡುಗನ ಅಜಾಗರೂಕತೆಯಿಂದ. ಎರಡನೆಯದು ಕೆಟ್ಟದ್ದು ಸಭೆಯಲ್ಲಿ ಆಡಿದ ಆ ಮೊದಲ ಮಾತಿನಿಂದ, ನನ್ನ ತಲೆಯಾಟದಿಂದ.

ಎರಡನೆಯ ಸಭೆಯಲ್ಲಿ ಅದೇ ಮುಖಂಡರು ಎದ್ದು, "ಪಂಪು ನನ್ನ ವಶದಲ್ಲಿತ್ತು. ತೊಳೆಯುವ ಕ್ರಮವನ್ನು ನಾನು ಯಾರಿಗೂ ಹೇಳಲಿಲ್ಲ, ಒಯ್ದವರ ಹೆಸರನ್ನು ಬರೆದಿಡಲಿಲ್ಲ. ಯಾರು ಯಾವ ಔಷಧಿ ಹೊಡೆದಿರಿ, ಅಷ್ಟನ್ನು ತಿಳಿಸಿ" ಎಂದರು. ಹುಡುಗ ಎದ್ದು ನಿಂತು ಎಲ್ಲವನ್ನೂ ಹೇಳಿದ. ನಷ್ಟದಲ್ಲಿ ಒಂದು ಪಾಲನ್ನು ಗುಂಪಿನ ಹಣದಿಂದ ಕೊಟ್ಟರು. ಹುಡುಗ ತಾನಾಗಿಯೇ ಆ ಎರಡೂ ಹೊಲಗಳಲ್ಲಿ ಕೆಲವು ದಿನ ದುಡಿದುಕೊಟ್ಟ. ಕಳೆಯ ಔಷಧಿಗೆಂದೇ ಬೇರೊಂದು ಪಂಪು ಬಂದಿತು. ಅದಕ್ಕೆ ಕೆಂಪು ಬಣ್ಣ ಬಳಿದರು. ಅದರ ಪುಸ್ತಕವನ್ನು ಬರೆಯುವವನು ಈಗ ಆ ಹುಡುಗನೇ.

ದೊಡ್ಡ ಕೆಲಸಗಳಲ್ಲೂ ಇದೇ ಕ್ರಮವನ್ನು ಕಾಣುತ್ತೇವೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿಸಿದ ಎಸ್.ಎಲ್.ವಿ.-3 ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿದ್ದಿತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಹೋಗಿ ಹೊಣೆ ಹೊತ್ತವರು, ಇಸ್ರೋ ಅಧ್ಯಕ್ಷರೂ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್. ತಂಡದವರು ಕುಳಿತು ಹುಡುಕಿದಾಗ ಎರಡನೆಯ ಹಂತದ ಕವಾಟವೊಂದರಲ್ಲಿ ದೋಷ ಸಿಕ್ಕಿತು. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಅಂದು ಪತ್ರಕರ್ತರ ಮುಂದೆ ಮಾತನಾಡಲು ಧವನ್ ಕಲಾಂ ಅವರನ್ನೇ ಕಳುಹಿಸಿದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸುವುದನ್ನೇ ಹೆಚ್ಚಾಗಿ ಕಂಡಿರುವ ನಮಗೆ ಇದು ಸೋಜಿಗವೆನಿಸಬಹುದು.

ಹಾಗೆಂದು ಎಲ್ಲವನ್ನೂ ಮನ್ನಿಸಿಬಿಡಿ ಎಂದು ನಾನು ಹೇಳುವುದಿಲ್ಲ. ಗುಂಪಿನ ಹಣಕ್ಕೆ ಕೈ ಹಾಕಿದವನ ಮಾತು ಬೇರೆ. ಹೇಳಿಕೊಟ್ಟ ಮೇಲೂ ಅದೇ ತಪ್ಪು ಮಾಡುವವನನ್ನು ಪ್ರತ್ಯೇಕವಾಗಿ ಕರೆದು ಗಟ್ಟಿಯಾಗಿಯೇ ಹೇಳಿ. ಸಂತೆಯಲ್ಲಿ ಬೇಡ, ಅವನ ಹೆಂಡತಿ ಮಕ್ಕಳೆದುರಿಗೆ ಬೇಡ.

ಸಭೆ ಮುಗಿದ ಮೇಲೆ ನಿಮ್ಮ ಗುಂಪಿನ ಪಂಪನ್ನು ಹೊರಗೆ ತನ್ನಿ. ಬಟ್ಟೆ ಸೋಡಾ ಕರಗಿಸಿದ ನೀರಿನಿಂದ ತೊಟ್ಟಿ, ಕೊಳವೆ, ಮೂತಿ ಎಲ್ಲವನ್ನೂ ತೊಳೆಯುವ ಕ್ರಮವನ್ನು ತೋರಿಸುತ್ತೇನೆ. ಆ ನೀರನ್ನು ಮಾತ್ರ ಬಾವಿಯ ಹತ್ತಿರವಾಗಲಿ ಕಾಲುವೆಗಾಗಲಿ ಚೆಲ್ಲಬಾರದು.