ಹಿತ್ತಿಲ ತೊಟ್ಟಿಯಲ್ಲಿ ಮೀನು, ಜಲ್ಲಿಯ ಮಡಿಯಲ್ಲಿ ಸೊಪ್ಪು

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೇಸಿಗೆ ಬಂತೆಂದರೆ ನಮ್ಮ ಹಿತ್ತಿಲುಗಳ ಗತಿ ಏನಾಗುತ್ತದೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ೨೦೨೩ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂಥ ವರ್ಷದಲ್ಲಿ ಎಲ್ಲಕ್ಕೂ ಮೊದಲು ಒಣಗುವುದು ಹಿತ್ತಿಲ ಸೊಪ್ಪಿನ ಮಡಿ. ಕುಡಿಯುವ ನೀರಿಗೇ ತತ್ವಾರವಿರುವಾಗ ದಂಟಿನ ಸೊಪ್ಪಿಗೆ ನೀರು ಹೊಯ್ಯುವವರು ಯಾರು? ಸಂತೆಯಲ್ಲಿ ಕೊಳ್ಳೋಣವೆಂದರೆ ಆಗ ಕಟ್ಟಿನ ಬೆಲೆ ಕೇಳುವಂತಿರುವುದಿಲ್ಲ. ಎರಡು ಮೂರು ತಿಂಗಳು ಮನೆಮಂದಿ ಸೊಪ್ಪಿಲ್ಲದೆ ಉಣ್ಣುತ್ತಾರೆ. ಇದರ ನಷ್ಟ ಹೆಚ್ಚಾಗಿ ತಟ್ಟುವುದು ಬಸುರಿ ಬಾಣಂತಿಯರಿಗೆ ಮತ್ತು ಮಕ್ಕಳಿಗೆ.

ಈ ಕಷ್ಟಕ್ಕೆ ಒಂದು ಉಪಾಯವಿದೆ. ಅದರ ಹೆಸರು ಅಕ್ವಾಪೋನಿಕ್ಸ್. ಹೆಸರು ಪರದೇಶದ್ದು, ಕೆಲಸ ಸರಳ. ಒಂದು ತೊಟ್ಟಿಯಲ್ಲಿ ಮೀನು ಸಾಕುವುದು. ಆ ನೀರನ್ನು ಸಣ್ಣ ಪಂಪಿನಿಂದ ಜಲ್ಲಿ ತುಂಬಿದ ಮಡಿಗೆ ಎತ್ತುವುದು. ಮಡಿಯಲ್ಲಿ ಸೊಪ್ಪು ಬೆಳೆಯುತ್ತದೆ, ನೀರು ಬಸಿದು ಮತ್ತೆ ತೊಟ್ಟಿಗೇ ಬೀಳುತ್ತದೆ. ಮಣ್ಣು ಬೇಡ, ಗೊಬ್ಬರವನ್ನು ಬೇರೆಯಾಗಿ ಹಾಕಬೇಕಾಗಿಲ್ಲ. ನೀರು ಸುತ್ತುತ್ತಲೇ ಇರುವುದರಿಂದ ದಿನಕ್ಕೆ ಕಳೆಯುವುದು ನೂರಕ್ಕೆ ಒಂದರಿಂದ ಮೂರು ಪಾಲು ಮಾತ್ರ. ಸಾವಿರ ಲೀಟರಿನ ತೊಟ್ಟಿಗೆ ದಿನವೂ ಒಂದೆರಡು ಕೊಡ ನೀರು ಹೊಯ್ದರೆ ಸಾಕು.

ಮೀನೂ ಬೆಳೆಯೂ ಒಂದೇ ನೀರನ್ನು ಹಂಚಿಕೊಳ್ಳುವುದು ನಮಗೆ ಹೊಸದಲ್ಲ. ಕುಮಟಾ ಕಡೆಯ ಅಘನಾಶಿನಿ ತೀರದ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತವೂ ಸಿಗಡಿ ಮೀನುಗಳೂ ಒಂದೇ ಗದ್ದೆಯಲ್ಲಿ ಬಂದಿವೆ. ಅರುಣಾಚಲದ ಜೀರೋ ಕಣಿವೆಯಲ್ಲಿ ಅಪತಾನಿ ಜನರು ಭತ್ತದ ಗದ್ದೆಯಲ್ಲೇ ಮೀನು ಸಾಕುತ್ತಾರೆ. ತೊಟ್ಟಿಯಲ್ಲಿ ಮಾಡುವ ಈ ಪದ್ಧತಿಯನ್ನು ೧೯೮೦ರ ದಶಕದಿಂದ ವರ್ಜಿನ್ ದ್ವೀಪಗಳ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ರಾಕೋಸಿ ಎಂಬುವರು ತಮ್ಮ ಸಂಗಡಿಗರೊಡನೆ ಬೆಳೆಸಿದರು. ಸುತ್ತಲೂ ಸಮುದ್ರವಿದ್ದು ಸಿಹಿನೀರಿಗೆ ಅಭಾವವಿರುವ ದ್ವೀಪ ಅದು.

ಇದು ಎಲ್ಲರಿಗೂ ಬೇಕೆಂದು ನಾನು ಹೇಳುವುದಿಲ್ಲ. ಕೃಷಿಹೊಂಡವೋ ತುಂಬಿದ ಬಾವಿಯೋ ಇದ್ದವರು ಅದರಲ್ಲೇ ಮೀನು ಬಿಟ್ಟು, ಆ ನೀರನ್ನೇ ತರಕಾರಿಗೆ ಹಾಯಿಸುವುದು ಇದಕ್ಕಿಂತ ಅಗ್ಗ. ಸಾಲ ಮಾಡಿ ದೊಡ್ಡ ಘಟಕ ಹಾಕಿದರೆ ವರ್ಷದೊಳಗೆ ಹಣ ವಾಪಸು ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರು ಕಡಮೆ, ಜಾಗ ಕಡಮೆ, ಮನೆಗೆ ಸೊಪ್ಪು ಬೇಕು ಎನ್ನುವವರಿಗೆ ಇದು ಸರಿ.

ಇನ್ನು ಮುಖ್ಯವಾದ ವಿಷಯ. ಈ ಕೆಲಸ ಕೆಡುವುದು ಬಹುಮಟ್ಟಿಗೆ ಮೊದಲ ತಿಂಗಳಲ್ಲೇ. ತೊಟ್ಟಿ ಕಟ್ಟಿ ನೀರು ತುಂಬಿದ ದಿನವೇ ಮೀನು ಬಿಡುತ್ತಾರೆ. ಹತ್ತು ಹದಿನೈದು ದಿನದೊಳಗೆ ಮೀನು ಸಾಯುತ್ತವೆ. ನೀರು ನೋಡಿದರೆ ಕನ್ನಡಿಯಂತೆ ತಿಳಿಯಾಗಿರುತ್ತದೆ! ಆಗ ಮರಿ ಕೊಟ್ಟವನನ್ನು ಬೈಯುತ್ತಾರೆ.

ಕಾರಣ ಹೀಗಿದೆ. ಮೀನು ತಿಂದದ್ದರ ಹೊಲಸು ಬಹುಪಾಲು ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಸೇರುತ್ತದೆ. ಇದು ಮೀನಿಗೆ ವಿಷ, ಕಣ್ಣಿಗೆ ಕಾಣದು. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟಾಗಿ ಮಾಡುತ್ತವೆ. ಅದೂ ವಿಷವೇ, ಮೀನಿನ ರಕ್ತವನ್ನು ಕಂದು ಬಣ್ಣಕ್ಕೆ ತಿರುಗಿಸಿ ಉಸಿರು ಕಟ್ಟಿಸುತ್ತದೆ. ಇನ್ನೊಂದು ಬಗೆಯ ಜೀವಿಗಳು ನೈಟ್ರೈಟನ್ನು ನೈಟ್ರೇಟಾಗಿ ಮಾಡುತ್ತವೆ. ಇದು ಮೀನಿಗೆ ಅಷ್ಟಾಗಿ ಬಾಧಕವಲ್ಲ, ಗಿಡಕ್ಕೆ ಒಳ್ಳೆಯ ಆಹಾರ. ನೀವು ಹೊಲಕ್ಕೆ ಹಾಕುವ ಯೂರಿಯವೂ ಮಣ್ಣಿನಲ್ಲಿ ಇದೇ ದಾರಿಯಲ್ಲಿ ಸಾಗಿ ಬೆಳೆಗೆ ಸಿಗುತ್ತದೆ. ಹೊಲದ ಮಣ್ಣಿನಲ್ಲಿ ಈ ಜೀವಿಗಳು ಮೊದಲೇ ಇವೆ. ಹೊಸ ಜಲ್ಲಿಯಲ್ಲಿ ಇಲ್ಲ. ಅವು ಜಲ್ಲಿಗೆ ಹತ್ತಿಕೊಂಡು ಹೆಚ್ಚಲು ನಾಲ್ಕರಿಂದ ಆರು ವಾರ ಬೇಕು. ಹೆಪ್ಪು ಹಾಕಿದ ಕೂಡಲೇ ಹಾಲು ಮೊಸರಾಗುತ್ತದೆಯೇ?

ಆದ್ದರಿಂದ ಮೊದಲು ನೀರಿಗೆ ಹೆಪ್ಪು ಹಾಕತಕ್ಕದ್ದು. ಪಂಪು ಓಡುತ್ತಿರಲಿ, ತೊಟ್ಟಿ ಖಾಲಿಯಿರಲಿ. ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ. ಚೆನ್ನಾಗಿ ನಡೆಯುತ್ತಿರುವ ಮೀನುತೊಟ್ಟಿಯ ಜಲ್ಲಿ ಎರಡು ಬೊಗಸೆ ಸಿಕ್ಕಿದರೆ ತಂದು ಮಡಿಯಲ್ಲಿ ಸೇರಿಸಿ. ಹೆಪ್ಪು ಬೇಗ ಹತ್ತುತ್ತದೆ. ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ ನೀರಿನ ಪರೀಕ್ಷೆಯ ಹನಿಮದ್ದಿನ ಪೆಟ್ಟಿಗೆ ಸಿಗುತ್ತದೆ. ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೆ ಸಾಕು. ಅಮೋನಿಯ ಏರಿ ಇಳಿಯಬೇಕು, ಆಮೇಲೆ ನೈಟ್ರೈಟು ಏರಿ ಇಳಿಯಬೇಕು. ಎರಡೂ ಸೊನ್ನೆಗೆ ಬಂದು ನೈಟ್ರೇಟು ಕಂಡ ಮೇಲೆ ಮೀನು ಬಿಡಿ. ನಲ್ಲಿಯ ನೀರು ತುಂಬುವವರು ಎರಡು ದಿನ ಬಯಲಲ್ಲಿ ನಿಲ್ಲಿಸಿ ಕ್ಲೋರಿನ್ ಹೋಗಲು ಬಿಡಬೇಕು. ಅದು ಮೀನನ್ನೂ ಈ ಜೀವಿಗಳನ್ನೂ ಕೊಲ್ಲುತ್ತದೆ. ಕ್ಷಾರ ಹೆಚ್ಚಿರುವ ಕೊಳವೆಬಾವಿಯ ನೀರಿನಲ್ಲಿ ಅಮೋನಿಯದ ವಿಷ ಇನ್ನೂ ಜೋರಾಗಿರುವುದರಿಂದ ಮಳೆನೀರು ಹಿಡಿದು ಬೆರೆಸಿಕೊಳ್ಳುವುದು ಒಳ್ಳೆಯದು.

ಈಗ ಅಳತೆ. ತೊಟ್ಟಿ ೪ ಅಡಿ ಉದ್ದ, ೩ ಅಡಿ ಅಗಲ, ೩ ಅಡಿ ಆಳ. ಸಾವಿರ ಲೀಟರು ಹಿಡಿಯುತ್ತದೆ. ಅರ್ಧ ನೆಲದೊಳಗಿದ್ದರೆ ನೀರು ತಂಪಾಗಿರುತ್ತದೆ. ಹೊಸ ಸಿಮೆಂಟಿನ ತೊಟ್ಟಿಯಾದರೆ ಎರಡು ವಾರ ನೀರು ತುಂಬಿ ಚೆಲ್ಲಿ ಸುಣ್ಣದಂಶ ಕಳೆಯಬೇಕು. ಮಡಿ ೭ ಅಡಿ ಉದ್ದ, ೩ ಅಡಿ ಅಗಲ, ೧ ಅಡಿ ಆಳ, ತೊಟ್ಟಿಗಿಂತ ಎತ್ತರದಲ್ಲಿರಲಿ. ಇದರ ಜಲ್ಲಿಯೇ ಸುಮಾರು ಒಂದು ಟನ್ ತೂಗುತ್ತದೆ. ಮರದ ಮಂಚದ ಮೇಲೆ ಇಡುವ ಆಸೆ ಬೇಡ, ಸೈಜುಗಲ್ಲಿನ ಕಟ್ಟೆ ಕಟ್ಟಿರಿ. ಜಲ್ಲಿ ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲದ್ದಿರಲಿ. ಒಂದು ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಅದು ಸುಣ್ಣಕಲ್ಲು, ಬೇಡ. ಮಡಿಯ ತಳದಿಂದ ಒಂದು ಪೈಪು ನಿಲ್ಲಿಸಿ. ಅದರ ತುದಿ ಜಲ್ಲಿಯ ಮಟ್ಟಕ್ಕಿಂತ ಎರಡಂಗುಲ ಕೆಳಗಿರಲಿ, ಬುಡದಲ್ಲಿ ಒಂದೆರಡು ಸಣ್ಣ ರಂಧ್ರ ಕೊರೆಯಿರಿ, ಕೆಳತುದಿ ತೊಟ್ಟಿಯ ಮೇಲೆ ಬರಲಿ. ಗಂಟೆಗೆ ೧೫೦೦ ಲೀಟರು ಎತ್ತುವ ಪಂಪು ಕಾಲು ಗಂಟೆ ಓಡಿ ಮುಕ್ಕಾಲು ಗಂಟೆ ನಿಂತರೆ ಮಡಿ ತುಂಬುತ್ತದೆ, ಬಸಿಯುತ್ತದೆ, ಬೇರಿಗೆ ಗಾಳಿ ಸಿಗುತ್ತದೆ. ೪೦ ವಾಟಿನ ಪಂಪಾದರೆ ದಿನಕ್ಕೆ ಕಾಲು ಯೂನಿಟ್ಟು ವಿದ್ಯುತ್ತು ಸಾಕು. ಸ್ವಿಚ್ಚು ಆರಿಸದೆ ನೀರಿಗೆ ಕೈ ಹಾಕಕೂಡದು. ಮಕ್ಕಳಿರುವ ಮನೆಯಲ್ಲಿ ತೊಟ್ಟಿಗೆ ಗಟ್ಟಿ ಜಾಲರಿ ಮುಚ್ಚಲೇಬೇಕು.

ಮೀನು ೨೦ ಸಾಕು. ಹೆಚ್ಚು ಬಿಡಬಹುದೆಂದು ಪುಸ್ತಕಗಳು ಹೇಳುತ್ತವೆ, ಆದರೆ ಪುಸ್ತಕ ಬರೆದವರ ಊರಿನಲ್ಲಿ ಕರೆಂಟು ನಮ್ಮಂತೆ ಹೋಗಿ ಬರುವುದಿಲ್ಲ. ಮೀನು ಕಡಮೆಯಿದ್ದರೆ ಪಂಪು ಕೆಲವು ಗಂಟೆ ನಿಂತರೂ ಉಸಿರು ಹಿಡಿದಿರುತ್ತವೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಒಂದು ಬಕೆಟ್ಟಿನಿಂದ ನೀರನ್ನು ಎತ್ತಿ ಎತ್ತಿ ಎತ್ತರದಿಂದ ಸುರಿಯಿರಿ. ಸಾಮಾನ್ಯ ಗೆಂಡೆ ಗಟ್ಟಿ ಜಾತಿ, ಹೊಸಬರಿಗೆ ಒಗ್ಗುತ್ತದೆ. ಕಾಟ್ಲಾಕ್ಕೆ ಈ ತೊಟ್ಟಿ ಸಾಲದು. ಟಿಲಾಪಿಯ ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು. ಆಫ್ರಿಕದ ಕ್ಯಾಟ್‌ಫಿಷ್ ಸಾಕುವುದು ನಿಷಿದ್ಧ, ಯಾರು ಕೊಟ್ಟರೂ ತರಬೇಡಿ. ಮೀನು ತಿನ್ನದ ಮನೆಯವರು ಚಿನ್ನದ ಮೀನು ಬಿಟ್ಟುಕೊಳ್ಳಲಿ; ಸೊಪ್ಪಿಗೆ ಭೇದವಿಲ್ಲ.

ಆಹಾರವನ್ನು ತೂಗಿಯೇ ಹಾಕತಕ್ಕದ್ದು. ಸೊಪ್ಪಿನ ಮಡಿ ಒಂದು ಚದರ ಮೀಟರಿಗೆ ದಿನಕ್ಕೆ ೪೦ರಿಂದ ೫೦ ಗ್ರಾಂ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ೨೦೧೪ರ ಕೈಪಿಡಿ ಹೇಳುತ್ತದೆ. ನಮ್ಮ ಮಡಿ ಎರಡು ಚದರ ಮೀಟರು. ಹಾಗೆಂದು ಮರಿಗಳಿಗೆ ಮೊದಲ ದಿನವೇ ನೂರು ಗ್ರಾಂ ಸುರಿಯಬಾರದು. ಕಾಲು ಗಂಟೆಯಲ್ಲಿ ತಿಂದು ಮುಗಿಸುವಷ್ಟು ಹಾಕಿ, ಉಳಿದದ್ದನ್ನು ಬಲೆಯಿಂದ ತೆಗೆಯಿರಿ. ಬಸಳೆ, ಪಾಲಕ್, ದಂಟು, ಪುದೀನ, ಕೊತ್ತಂಬರಿ ಚೆನ್ನಾಗಿ ಬರುತ್ತವೆ. ಮೂಲಂಗಿ, ಗೆಣಸು ಬೇಡ.

ಕೆರೆಯ ಮೀನಿಗೆ ಸಗಣಿ ಹಾಕುವ ರೂಢಿ ನಿಮಗೆ ಗೊತ್ತು. ಈ ತೊಟ್ಟಿಗೆ ಮಾತ್ರ ಸಗಣಿ ಖಂಡಿತ ಕೂಡದು. ಅದು ಸಣ್ಣ ನೀರಿನ ಆಮ್ಲಜನಕವನ್ನೆಲ್ಲ ನುಂಗುತ್ತದೆ, ಹಸಿಯಾಗಿ ತಿನ್ನುವ ಸೊಪ್ಪಿಗೆ ರೋಗಾಣು ತರುತ್ತದೆ. ಕೀಟನಾಶಕವಾಗಲಿ ಮೈಲುತುತ್ತದ ದ್ರಾವಣವಾಗಲಿ ಮಡಿಗೆ ಸೋಕಬಾರದು. ಬೇವಿನ ಎಣ್ಣೆಯೂ ನೀರಿಗೆ ಇಳಿದರೆ ಮೀನಿಗೆ ಅಪಾಯ. ಹುಳುವನ್ನು ಕೈಯಿಂದ ಆರಿಸಿ ಕೋಳಿಗೆ ಹಾಕಿರಿ.

ಪ್ರಾರಂಭಿಸುವವರು ಏಪ್ರಿಲ್ ತಿಂಗಳಲ್ಲಿ ತೊಟ್ಟಿ, ಮಡಿ ಕಟ್ಟಿ ಮುಗಿಸಿ, ಮೇ ತಿಂಗಳಲ್ಲಿ ನೀರಿಗೆ ಹೆಪ್ಪು ಹಾಕಲಿ. ಮಳೆ ಹಿಡಿದು ಹವೆ ತಣ್ಣಗಾಗುವ ವೇಳೆಗೆ ನೀರು ಸಿದ್ಧವಾಗಿರುತ್ತದೆ. ಮರಿಗಳನ್ನು ಸಂಜೆಯ ತಂಪಿನಲ್ಲಿ ತನ್ನಿ. ಚೀಲದ ಬಾಯಿ ಬಿಚ್ಚದೆ ಕಾಲು ಗಂಟೆ ತೊಟ್ಟಿಯ ನೀರಿನ ಮೇಲೆ ತೇಲಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರನ್ನು ಚೀಲಕ್ಕೆ ಬೆರೆಸಿ, ಅವು ತಾವಾಗಿ ಈಜಿ ಹೊರಬರಲು ಬಿಡಿ. ಆ ದಿನ ಆಹಾರ ಹಾಕಬೇಡಿ.