ಹೊಗೆಸೊಪ್ಪಿನ ಕಷಾಯ: ಅದರ ಉಪಯೋಗವೂ ವಿಷಗುಣವೂ



ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳಲ್ಲಿ ಅವರೆಯ ಕುಡಿಗಳಿಗೆ ಕರಿಯ ಹೇನು ಮುತ್ತುವುದು ಸರ್ವರಿಗೂ ವಿದಿತವಾದ ಸಂಗತಿ. ಇದಕ್ಕೆ ಹೊಗೆಸೊಪ್ಪಿನ ಕಷಾಯವು ಹಳೆಯ ಮದ್ದು. ಗಿಡದಿಂದ ಬಂದ ಮದ್ದಾದ ಕಾರಣ ಮನುಷ್ಯರಿಗೆ ಕೇಡಿಲ್ಲವೆಂದು ಅನೇಕರು ಭಾವಿಸಿರುವರು. ಈ ಭಾವನೆಯು ತಪ್ಪು, ಅಪಾಯಕರವೂ ಹೌದು.

ಹೇನನ್ನು ಕೊಲ್ಲುವುದು ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಎಂಬ ವಿಷ. 1828ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬುವರು ಇದನ್ನು ಬೇರ್ಪಡಿಸಿದರು. ಇದು ಹುಳುವಿನ ನರಗಳನ್ನು ಕೆಡಿಸುವಂತೆಯೇ ಮನುಷ್ಯನ ನರಗಳನ್ನೂ ಕೆಡಿಸುವುದು.

ಹಳೆಯ ಅಳತೆಯ ಪ್ರಕಾರ ಅರ್ಧ ಕಿಲೋ ಹೊಗೆಸೊಪ್ಪನ್ನು 4½ ಲೀಟರ್ ನೀರಿನಲ್ಲಿ ಒಂದು ದಿನ ನೆನೆಯಿಸಿ, ಶೋಧಿಸಿ, 120 ಗ್ರಾಂ ಸಾಬೂನು ಕರಗಿಸಿ, ಆರೇಳು ಪಾಲು ನೀರು ಬೆರೆಸುವರು. ಒಣ ಎಲೆಯಲ್ಲಿ ನಿಕೋಟಿನ್ ಸಾಮಾನ್ಯವಾಗಿ ನೂರಕ್ಕೆ 1ರಿಂದ 3 ಪಾಲು ಇರುವುದರಿಂದ, ಆ ಅರ್ಧ ಕಿಲೋ ಎಲೆಯಲ್ಲಿ 5ರಿಂದ 15 ಗ್ರಾಂ ವಿಷವಿರುವುದು. ನೀರು ಬೆರೆಸದ ಕಷಾಯವು ಒಂದು ಲೋಟದಷ್ಟು ಹೊಟ್ಟೆ ಸೇರಿದರೂ ಮಗುವಿನ ಪ್ರಾಣಕ್ಕೆ ಅಪಾಯ. ಕುಡಿಯದಿದ್ದರೂ ಕೇಡು ತಪ್ಪದು. ಒದ್ದೆಯಾದ ಬಟ್ಟೆಯಿಂದ ಚರ್ಮದ ಮೂಲಕವೇ ವಿಷವು ಒಳಸೇರುವುದು.

ವಾಕರಿಕೆ, ವಾಂತಿ, ಜೊಲ್ಲು, ಬೆವರು, ತಲೆಸುತ್ತು ಇವು ಮೊದಲ ಚಿಹ್ನೆಗಳು. ವಿಷವೇರಿದಲ್ಲಿ ಸೆಳವು ಬಂದು ಉಸಿರು ನಿಲ್ಲಬಹುದು. ಅಂಥವರ ಬಟ್ಟೆಯನ್ನು ಕೂಡಲೇ ಕಳಚಿ, ಸಾಬೂನು ನೀರಿನಿಂದ ಮೈ ತೊಳೆದು, ತಡಮಾಡದೆ ಆಸ್ಪತ್ರೆಗೆ ಸಾಗಿಸತಕ್ಕದ್ದು. ಬಲವಂತದಿಂದ ವಾಂತಿ ಮಾಡಿಸಕೂಡದು.

ಅಡಿಗೆಯ ಪಾತ್ರೆಯಲ್ಲಿ ಕಷಾಯವನ್ನು ಕಲಸಕೂಡದು. ಪಾತ್ರೆಗಳನ್ನು ಕೆರೆ ಬಾವಿಗಳಲ್ಲಿ ತೊಳೆಯಕೂಡದು. ಮಿಕ್ಕುದನ್ನು ಮಕ್ಕಳ ಕೈಗೆಟಕುವಂತೆ ಇಡಕೂಡದು. ಹೂವಿನ ಕಾಲದಲ್ಲಿ ಎರಚಿದರೆ ಜೇನುಹುಳುಗಳು ಸಾಯುವುವು. ಟೊಮೇಟೊ, ಮೆಣಸಿನ ಗಿಡಗಳಿಗೆ ಹೊಗೆಸೊಪ್ಪಿನ ನಂಜುರೋಗವು ಕಷಾಯದಿಂದ ಅಂಟಬಹುದು.

ನಿಕೋಟಿನ್ ಸಲ್ಫೇಟನ್ನು ದೇಶದೊಳಗೆ ಕೀಟನಾಶಕವಾಗಿ ಬಳಸುವುದನ್ನು ಭಾರತ ಸರ್ಕಾರವು 1992ರಲ್ಲಿ ನಿಷೇಧಿಸಿತು. ಪೇಟೆಯ ಮದ್ದಿಗೆ ಸಲ್ಲದ ವಿಷವು ಮನೆಯ ಹಂಡೆಯಲ್ಲಿ ಮಾಡಿದರೆ ಸೌಮ್ಯವಾಗಲಾರದು.

ಆದುದರಿಂದ ಬೇವನ್ನು ಆಶ್ರಯಿಸುವುದು ಮೇಲು. 5 ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಯಿಸಿ, ಶೋಧಿಸಿ, ನೀರು ಸೇರಿಸಿ 100 ಲೀಟರ್ ಮಾಡಿಕೊಂಡು ಸಂಜೆಯ ವೇಳೆ ಎರಚಬಹುದು. ಆದರೆ ಬೇವೂ ಮದ್ದೇ, ಆಹಾರವಲ್ಲ. ಬೇವಿನೆಣ್ಣೆ ಕುಡಿಸಿದ ಎಳೆಯ ಮಕ್ಕಳಿಗೆ ವಾಂತಿ, ಸೆಳವು ಉಂಟಾದ ಸಂದರ್ಭಗಳುಂಟು.

ಪೈರನ್ನು ಕಾಯುವವನು ಮೊದಲು ತನ್ನನ್ನೂ ತನ್ನ ಮಕ್ಕಳನ್ನೂ ಕಾಯತಕ್ಕದ್ದು.