ಬೀಳುವ ಸ್ವಿಚ್ಚನ್ನು ಬೈಯಬೇಡಿ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಮಾರಂಭದಲ್ಲಿ ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಹೇಳಿದ್ದಾರೆ. ನಾವು ಎಸ್.ಎಸ್.ಎಲ್.ಸಿ. ಓದಿದ ರೈತರು, ದೊಡ್ಡ ಮಾತು ಬಾರದು. ನಮ್ಮ ಮನೆಯಲ್ಲಿ ಆದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು, ಅದರಿಂದ ಕಲಿತದ್ದನ್ನು ಹೇಳಿ ಕೂರುತ್ತೇವೆ. ಅದು ಮನೆಯ ಕರೆಂಟ್ ಬೋರ್ಡಿನ ವಿಷಯ.

ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನಲ್ಲಿ ಬೀದಿ ದೀಪ ಹತ್ತಿದ್ದು 1905ರಲ್ಲಿ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಆಮೇಲೆ ಬನಶಂಕರಿ, ಜೆ.ಪಿ. ನಗರ ಬೆಳೆದವು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರಿನ ಹೆಸರು ಸೇರಿ ಬಿ.ಟಿ.ಎಂ. ಲೇಔಟ್ ಆಯಿತು. ಹಾಗೇ ಪಟ್ಟಣ ನಮ್ಮ ಹೊಲದ ಬದುವಿನ ತನಕ ಬಂತು. ಹೊಲ ಕಡಿಮೆಯಾಯಿತು, ಹಿತ್ತಲಲ್ಲಿ ಬಾಡಿಗೆ ಮನೆ ಎದ್ದವು. ನಮ್ಮ ತಂದೆಯವರ ಕಾಲಕ್ಕೆ ನಾಲ್ಕು ಬಲ್ಬು, ಒಂದು ರೇಡಿಯೋ. ಈಗ ಗೀಸರು, ಇಂಡಕ್ಷನ್ ಒಲೆ, ಫ್ರಿಜ್ಜು, ವಾಷಿಂಗ್ ಮೆಷಿನ್ನು. ಸಾಮಾನು ಹೊಸದು, ಗೋಡೆಯೊಳಗಿನ ವೈರು ಮಾತ್ರ ಹಳೆಯದು.

ನಾವೂ ಹಿತ್ತಲಿನ ಎರಡು ಬಾಡಿಗೆ ಮನೆಗೆ ನಮ್ಮ ಬೋರ್ಡಿನಿಂದಲೇ ಒಂದು ಲೈನು ಎಳೆಸಿದ್ದೆವು. ವೈರು ಎರಡೂವರೆ ಚದರ ಮಿಲಿಮೀಟರಿನದು, ಅದಕ್ಕೆ 16 ಆಂಪಿಯರಿನ ಎಂ.ಸಿ.ಬಿ. ಎರಡು ಮನೆಯವರೂ ಗೀಸರು ಹಾಕಿಸಿದರು, ಒಂದು ಮನೆಗೆ ಇಂಡಕ್ಷನ್ ಒಲೆಯೂ ಬಂತು. ಬೆಳಿಗ್ಗೆ ನೀರು ಕಾಯುವಷ್ಟರಲ್ಲಿ ಎಂ.ಸಿ.ಬಿ. ಬೀಳುತ್ತಿತ್ತು. "ದಿನಾ ಇದೇ ಗೋಳಾಯ್ತಲ್ಲ, ಅಣ್ಣಾ" ಎಂದು ಬಾಡಿಗೆಯವರು ಬಾಗಿಲಿಗೆ ಬರುವರು. ಒಬ್ಬ ಹುಡುಗನನ್ನು ಕರೆಸಿದೆವು. ಅವನು ಐದೇ ನಿಮಿಷದಲ್ಲಿ 16ರದ್ದು ಕಿತ್ತು 32ರದ್ದು ಕೂರಿಸಿದ. ಮಾರನೇ ದಿನದಿಂದ ಬೀಳುವುದು ನಿಂತಿತು. ಭಲೇ ಹುಡುಗ ಎಂದು ನಾವೇ ಹೊಗಳಿದೆವು.

ಎರಡು ತಿಂಗಳು ಕಳೆದಿರಬೇಕು. ಒಂದು ಮುಂಜಾನೆ ನಮ್ಮ ತಾಯಿ ಗೋಡೆಗೆ ಕೈ ಊರಿ ನಿಂತವರು, "ಲೋ ಮಗಾ, ಗೋಡೆ ಬಿಸಿಯಾಗೈತಲ್ಲೋ" ಅಂದರು. ಆಗಲೇ ಸುಟ್ಟ ವಾಸನೆ. ಓಡಿ ಹೋಗಿ ಮೇನ್ ಆಫ್ ಮಾಡಿದೆವು. ಗೋಡೆ ಒಡೆಸಿ ನೋಡಿದರೆ ಪೈಪಿನೊಳಗೆ ವೈರಿನ ಸಿಪ್ಪೆ ಕರಗಿ ಒಂದಕ್ಕೊಂದು ಅಂಟಿತ್ತು. ಆ ಗೋಡೆಯ ಆಚೆ ಬದಿ ಬಾಡಿಗೆಯವರ ಮಗು ಮಲಗುತ್ತಿತ್ತು. ಅದನ್ನು ನೆನೆದರೆ ಇವತ್ತಿಗೂ ಮೈ ನಡುಗುತ್ತದೆ.

ರಿಪೇರಿಗೆ ಬಂದ ಹಿರಿಯ ವೈರ್‌ಮನ್ ಹೇಳಿದ ಮಾತು ಇಷ್ಟೇ: "ಯಜಮಾನ್ರೇ, ಎಂ.ಸಿ.ಬಿ. ಮೇಲಿನ ನಂಬರು ಗೀಸರಿಗಲ್ಲ, ವೈರಿಗೆ." ಭಾರ ಹೆಚ್ಚಾದರೆ ನಿಂತುಬಿಡುವ ಎತ್ತು ಸೋಮಾರಿಯಲ್ಲ, ಅದು ಗಾಡಿಯನ್ನು ಉಳಿಸುತ್ತದೆ. ನಾವು ಆ ಎತ್ತನ್ನು ಬಿಚ್ಚಿ ಬಲವಾದ ಎತ್ತು ಕಟ್ಟಿದೆವು. ಅಚ್ಚು ಮುರಿಯಿತು.

ಲೆಕ್ಕ ಸುಲಭ. ಮನೆಯ ಕರೆಂಟು 230 ವೋಲ್ಟು. ಸಾಮಾನಿನ ಮೇಲೆ ಬರೆದ ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರು. 2,000 ವ್ಯಾಟಿನ ಗೀಸರು ಸುಮಾರು 9 ಆಂಪಿಯರು, 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ನಾಲ್ಕಕ್ಕೂ ಸ್ವಲ್ಪ ಮೇಲೆ. ನಮ್ಮಲ್ಲಿ ಎರಡು ಗೀಸರು, ಒಂದು ಒಲೆ ಸೇರಿ 6,000 ವ್ಯಾಟು, ಅಂದರೆ 26 ಆಂಪಿಯರು. 16ರದ್ದು ಬಿದ್ದದ್ದು ಸರಿಯೇ. 32ರದ್ದಕ್ಕೆ ಅದು ಭಾರವೇ ಅಲ್ಲ, ಆದರೆ ವೈರು ಬೇಯುತ್ತಿತ್ತು. ಕರೆಂಟು ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟಾಗುತ್ತದೆ, ನೆನಪಿರಲಿ.

ತಾಮ್ರದ ವೈರಿಗೆ ವೈರ್‌ಮನ್‌ಗಳು ಹೇಳುವ ರೂಢಿಯ ಲೆಕ್ಕ ಹೀಗಿದೆ. ಒಂದೂವರೆ ಚದರ ಮಿಲಿಮೀಟರಿಗೆ 6 ಅಥವಾ 10 ಆಂಪಿಯರು, ಎರಡೂವರೆಗೆ 16, ನಾಲ್ಕಕ್ಕೆ 20ರಿಂದ 25. ಹಳೇ ಮನೆಯ ಅಲ್ಯೂಮಿನಿಯಂ ವೈರು ಇನ್ನೂ ಕಡಿಮೆ ತಾಳುತ್ತದೆ. ಇನ್ನೂ ಪಿಂಗಾಣಿ ಫ್ಯೂಸ್ ಇರುವ ಮನೆಯವರಿಗೂ ಇದೇ ಮಾತು. ಫ್ಯೂಸ್ ಹೋಯಿತೆಂದು ಎರಡೆಳೆ, ಮೂರೆಳೆ ಸುತ್ತಬೇಡಿ.

ಇನ್ನೊಂದು ಮಾತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲು ನೋಡುವುದನ್ನೇ ಅನೇಕರು ಬಿಟ್ಟಿದ್ದಾರೆ. ಅದರಲ್ಲಿ ಮಂಜೂರಾದ ಲೋಡು ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಯೂನಿಟ್ ಬೇರೆ, ಲೋಡು ಬೇರೆ. ತಿಂಗಳಿಗೆ ಎಷ್ಟು ಲೀಟರ್ ಹಾಲು ಹಾಕಿದಿರಿ ಎನ್ನುವುದು ಯೂನಿಟ್ ಇದ್ದ ಹಾಗೆ, ಒಂದು ಸಲಕ್ಕೆ ಕ್ಯಾನು ಎಷ್ಟು ಹಿಡಿಯುತ್ತದೆ ಎನ್ನುವುದು ಲೋಡು. 200 ಯೂನಿಟ್ ಒಳಗಿದ್ದೇವೆ ಎಂದಮಾತ್ರಕ್ಕೆ ವೈರು ಕ್ಷೇಮವಾಗಿದೆ ಎಂದಲ್ಲ. ಬಾಡಿಗೆ ಮನೆ ಕಟ್ಟಿದವರು ಅರ್ಜಿ ಕೊಟ್ಟು ಲೋಡು ಹೆಚ್ಚಿಸಿಕೊಳ್ಳಿ, ಬೇರೆ ಮೀಟರು ಹಾಕಿಸಿ.

ಎಂ.ಸಿ.ಬಿ. ಉಳಿಸುವುದು ವೈರನ್ನು, ಮನುಷ್ಯನನ್ನಲ್ಲ. ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಕರೆಂಟು ಮೈಯಲ್ಲಿ ಹರಿದರೂ ಪ್ರಾಣ ಹೋಗಬಹುದು, ಅಷ್ಟಕ್ಕೆ ಎಂ.ಸಿ.ಬಿ. ಬೀಳುವುದಿಲ್ಲ. ಅದಕ್ಕೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಬೇಕು. ಅದರ ಮೇಲೆ 'ಟಿ' ಎಂಬ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಾಯಿಸಿ. ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ, ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕಿ.

ನಾವು ಈಗ ಹೊಸ ವೈರು ಎಳೆಸಿ, ಗೀಸರಿಗೆ ಒಂದೊಂದು ಲೈನು ಮಾಡಿಸಿದ್ದೇವೆ. ಬೋರ್ಡಿನ ಪ್ರತಿ ಸ್ವಿಚ್ಚಿನ ಕೆಳಗೆ ಅದು ಯಾವುದರದ್ದು ಎಂದು ಕನ್ನಡದಲ್ಲಿ ಬರೆಸಿದ್ದೇವೆ. ನಮ್ಮ ತಾಯಿಗೂ ಮೇನ್ ಯಾವುದು ಎಂದು ಗೊತ್ತು.

ಕೊನೆಯದಾಗಿ ಒಂದು ಕೋರಿಕೆ. ಒಬ್ಬೊಬ್ಬರೇ ಕರೆಸಿದರೆ ಖರ್ಚು ಹೆಚ್ಚು. ಹತ್ತು ಮನೆಯವರು ಸೇರಿ ಲೈಸೆನ್ಸ್ ಇರುವ ವೈರ್‌ಮನ್ ಒಬ್ಬರನ್ನು ಕರೆಸಿ ಬೋರ್ಡು ನೋಡಿಸೋಣ. ಕೂಡಿ ಹಾಲು ಮಾರಿದವರು ಕೂಡಿ ಇದನ್ನೂ ಮಾಡಬಹುದು. ಕಂಬದ ಕಡೆಯ ದೋಷವಾದರೆ ನಾವಾಗಿ ಮುಟ್ಟದೆ ಬೆಸ್ಕಾಂನ 1912ಕ್ಕೆ ಫೋನ್ ಮಾಡೋಣ.

ನಾಳೆ ಬೆಳಿಗ್ಗೆ ನಿಮ್ಮ ಮನೆಯ ಸ್ವಿಚ್ಚು ಬಿದ್ದರೆ ಬೈಯಬೇಡಿ. ಯಾಕೆ ಬಿತ್ತು ಎಂದು ಕೇಳಿ.